ಕೇಳುವವರಿದ್ದರೆ ಕಥೆಗೂ ಜೀವ



ಜಲಂಧರ್‌ನಲ್ಲಿ ಹುಟ್ಟಿದ ತರ್ಸೇಮ್ ಸಿಂಗ್ ಅವರು 2006ರಲ್ಲಿ ‘ದಿ ಫಾಲ್’ ಎಂಬ ಇಂಗ್ಲಿಷ್ ಸಿನಿಮಾ ಮಾಡಿದರು. ದೊಡ್ಡ ಕಂಪನಿಗಳನ್ನು ಕಾಯದೆ ಸ್ವಂತ ದುಡ್ಡು ಹಾಕಿ, ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಚಿತ್ರೀಕರಣ ಮಾಡಿದರು. ನಮ್ಮ ಜೋಧ್‌ಪುರವೂ ಅದರಲ್ಲಿ ಇದೆ.

ಕಥೆ ನಡೆಯುವುದು 1915ರ ಸುಮಾರಿನ ಲಾಸ್ ಏಂಜಲೀಸ್‌ನ ಒಂದು ಆಸ್ಪತ್ರೆಯಲ್ಲಿ. ಕಿತ್ತಳೆ ಕೀಳುವಾಗ ಬಿದ್ದು ಕೈ ಮುರಿದುಕೊಂಡ ಪುಟ್ಟ ಹುಡುಗಿ ಅಲೆಕ್ಸಾಂಡ್ರಿಯಾ. ಸಿನಿಮಾಕ್ಕಾಗಿ ಸಾಹಸ ಮಾಡಲು ಹೋಗಿ ಬಿದ್ದು ಹಾಸಿಗೆ ಹಿಡಿದ ರಾಯ್. ಪ್ರೀತಿಸಿದವಳೂ ದೂರವಾಗಿ, ಅವನಿಗೆ ಬದುಕೇ ಬೇಡ ಅನ್ನಿಸಿದೆ. ಮಗುವಿನ ಕೈಲಿ ಮಾರ್ಫಿನ್ ಕದಿಸಿ ತರಿಸಿಕೊಳ್ಳಲೆಂದೇ ಅವನು ವೀರರ ಕಥೆ ಶುರು ಮಾಡ್ತಾನೆ. ಹತಾಶೆ ಹೆಚ್ಚಿದಂತೆ ಕಥೆಯ ವೀರರನ್ನು ಒಬ್ಬೊಬ್ಬರನ್ನಾಗಿ ಸಾಯಿಸ್ತಾನೆ. ಹುಡುಗಿ ಅಳುತ್ತಾ ತಡೀತಾಳೆ: ಕಥೆ ನಿನ್ನದೊಂದೇ ಅಲ್ಲ, ನನ್ನದೂ ಹೌದು ಅಂತ ಹಟ ಹಿಡೀತಾಳೆ. ಆಗ ನಾಯಕ ಉಳೀತಾನೆ, ರಾಯ್ ಕೂಡ.

ಸಹೋದರಿಯರೇ, ಕಥೆಯೊಂದರಿಂದಲೇ ಗಾಯ ಮಾಯುವುದಿಲ್ಲ. ವೈದ್ಯರೂ ಬೇಕು, ಔಷಧಿಯೂ ಬೇಕು. ಆದರೆ ನೊಂದವರ ಕಥೆಯನ್ನು ತನ್ನದೆಂದು ಕೇಳುವ ಒಬ್ಬರಾದರೂ ಬೇಕು. ವಾರದ ಸಭೆಯಲ್ಲಿ ಉಳಿತಾಯ, ಕಂತಿನ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಕೂರೋಣ. ಮೂಲೆಯಲ್ಲಿ ಸುಮ್ಮನಿರುವ ಅಕ್ಕನನ್ನು ಕೇಳೋಣ: “ಆಮೇಲೇನಾಯ್ತು, ಹೇಳಕ್ಕಾ?”