ಓಟವೂ ಅಳತೆಯೂ: ಬೆಳಗಾವಿಯ ಚೌಗುಲೆ ಮತ್ತು 1920ರ ಒಲಿಂಪಿಕ್ಸ್

(ಉರಿಗಾಂನಲ್ಲಿ ಸಂಘದ ಮಕ್ಕಳ ಕ್ರೀಡಾಕೂಟದ ಸಂದರ್ಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬಹುಮಾನ ವಿತರಣೆಗೆ ಮೊದಲು ಮಾತನಾಡುವವನ ಕಷ್ಟ ನನಗೆ ಗೊತ್ತಿದೆ. ನಿಮ್ಮ ಕಣ್ಣು ಮೇಜಿನ ಮೇಲಿನ ಕಪ್ಪುಗಳ ಮೇಲಿದೆ. ಆದ್ದರಿಂದ ಪೀಠಿಕೆ ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಕರ್ನಾಟಕದ ನೆಲದಿಂದ ಒಲಿಂಪಿಕ್ಸಿಗೆ ಹೋಗಿ ಓಡಿದ ಒಬ್ಬ ಯುವಕನ ವಿಷಯವನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ. ಅವರ ಹೆಸರು ಫಡೆಪ್ಪ ದರೆಪ್ಪ ಚೌಗುಲೆ, ಊರು ಬೆಳಗಾವಿ. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ಸಿನಲ್ಲಿ ಅವರು ಮ್ಯಾರಥಾನ್ ಓಡಿ 19ನೆಯವರಾಗಿ ಬಂದರು.

ಹತ್ತೊಂಬತ್ತನೆಯ ಸ್ಥಾನ ಎಂದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ ನಕ್ಕ ಹಾಗಾಯಿತು. ನಗಬೇಡಿ. ಆ ಹತ್ತೊಂಬತ್ತರ ಲೆಕ್ಕವನ್ನು ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಕೈಯಲ್ಲೇ ಮಾಡಿಸುತ್ತೇನೆ.

ಆಂಟ್ವರ್ಪ್‌ಗೆ ಹೋಗುವ ಮೊದಲು ಪುಣೆಗೆ ಹೋಗೋಣ. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಕಡೆಯ ಹುಡುಗರಿಗೆ ಓಟವೆಂದರೆ, ಆಟವೆಂದರೆ ಪುಣೆಯೇ ದೊಡ್ಡ ಊರು. ಅಲ್ಲಿ ಡೆಕ್ಕನ್ ಜಿಮಖಾನಾ ಎಂಬ ಸಂಸ್ಥೆ ಇತ್ತು. ಅದರ ಅಧ್ಯಕ್ಷರಾಗಿದ್ದವರು ಜಮ್‌ಶೆಡ್‌ಜಿ ಟಾಟಾ ಅವರ ಹಿರಿಯ ಮಗ ಸರ್ ದೊರಾಬ್‌ಜಿ ಟಾಟಾ. 1919ರ ಸುಮಾರಿಗೆ ಅಲ್ಲಿನ ಕ್ರೀಡಾಕೂಟದಲ್ಲಿ ತಾವು ಕಂಡದ್ದನ್ನು ಅವರು ಮುಂದೆ, 1929ರಲ್ಲಿ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾರೆ. ಓಡಲು ಬಂದವರು ಹೊಲದಲ್ಲಿ ದುಡಿಯುವ ರೈತರ ಮಕ್ಕಳು. ಒಳ್ಳೆಯ ಊಟವಿಲ್ಲ, ತರಬೇತಿಯಿಲ್ಲ, ಕಾಲಿಗೆ ಜೋಡಿಲ್ಲ. ಆದರೂ ದೂರದ ಓಟಗಳಲ್ಲಿ ಅವರು ಓಡಿದ ರೀತಿ ದೊರಾಬ್‌ಜಿಯವರನ್ನು ಬೆರಗುಗೊಳಿಸಿತು. ಕೂಟ ನೋಡಲು ಬಂದಿದ್ದ ಮುಂಬಯಿ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರಿಗೂ ಇವರನ್ನು ಒಲಿಂಪಿಕ್ಸಿಗೆ ಕಳಿಸಬಹುದಲ್ಲ ಎನ್ನಿಸಿತು. ಭಾರತದ ಮೊದಲ ಒಲಿಂಪಿಕ್ ತಂಡ ಹುಟ್ಟಿದ್ದು ಹೀಗೆ. ಅದಕ್ಕೆ ಮೊದಲು 1900ರಲ್ಲಿ ಪ್ಯಾರಿಸ್ಸಿನಲ್ಲಿ ನಾರ್ಮನ್ ಪ್ರಿಚರ್ಡ್ ಭಾರತದ ಹೆಸರಿನಲ್ಲಿ ಎರಡು ಬೆಳ್ಳಿ ಪದಕ ಗೆದ್ದಿದ್ದರು, ನಿಜ. ಆದರೆ ಅವರು ಒಬ್ಬರೇ ಹೋದವರು. ತಂಡ ಎಂದು ಕಟ್ಟಿ ಕಳಿಸಿದ್ದು 1920ರಲ್ಲಿ. ಖರ್ಚಿನ ಒಂದು ಪಾಲನ್ನು ದೊರಾಬ್‌ಜಿಯವರೇ ಕೈಯಿಂದ ಕೊಟ್ಟರು.

ಆ ಪತ್ರದಲ್ಲಿ ಇನ್ನೆರಡು ಸಂಗತಿಗಳಿವೆ. ನನ್ನ ಇಂದಿನ ಮಾತಿಗೆ ಅವೇ ಮುಖ್ಯ.

ಒಂದು, ಪುಣೆಯ ಆ ಮೈದಾನ ಚಿಕ್ಕದು. ಉರುಳು ಹಾಯಿಸದ ಹುಲ್ಲುಗಾವಲು. ಅಲ್ಲಿ ನೂರು ಗಜದ ಓಟವನ್ನು ಕೂಡ ತಿರುವಿನಲ್ಲಿ ಓಡಿಸಲು ಹೊರಟಿದ್ದರು. ಓಟಗಾರರ ನಡುವೆ ದಾರ ಕಟ್ಟಿ ಲೇನು ಬೇರೆ ಮಾಡಿರಲಿಲ್ಲ. ಎರಡು, ತಂಡ ಕಳಿಸುವ ಮಾತು ಬಂದಾಗ, ನೂರು ಮೀಟರಿಗೆ ಎಷ್ಟು ಸಮಯ ಬೇಕಾದೀತು ಎಂಬ ಪ್ರಶ್ನೆ ಎದ್ದಿತು. ಜಿಮಖಾನಾದ ಒಬ್ಬ ಪ್ರಮುಖ ಸದಸ್ಯರು ಎರಡು ಮೂರು ನಿಮಿಷ ಇರಬಹುದು ಎಂದರಂತೆ! ನಿಮಿಷದ ಲೆಕ್ಕವಲ್ಲ ಸ್ವಾಮಿ, ಸೆಕೆಂಡಿನ ಲೆಕ್ಕ, ಅದರಲ್ಲೂ ಸೆಕೆಂಡಿನ ಚೂರುಗಳ ಲೆಕ್ಕ ಎಂದು ಅವರಿಗೆ ತಿಳಿಸಿ ಹೇಳಬೇಕಾಯಿತು. ಆ ವರ್ಷ ಆಂಟ್ವರ್ಪ್‌ನಲ್ಲಿ ಅಮೆರಿಕದ ಚಾರ್ಲಿ ಪ್ಯಾಡಕ್ ನೂರು ಮೀಟರ್ ಗೆದ್ದದ್ದು 10.8 ಸೆಕೆಂಡಿನಲ್ಲಿ.

ಆ ಸದಸ್ಯರು ದಡ್ಡರೇನಲ್ಲ, ವಿದ್ಯಾವಂತರೇ. ಓಟವನ್ನು ನೋಡಿದ್ದರು, ಚಪ್ಪಾಳೆ ತಟ್ಟಿದ್ದರು. ಗಡಿಯಾರ ಹಿಡಿದು ನೋಡಿರಲಿಲ್ಲ, ಅಷ್ಟೇ. ಯಾರು ಮುಂದೆ, ಯಾರು ಹಿಂದೆ ಎಂಬುದಿಷ್ಟೇ ಅವರಿಗೆ ಬೇಕಾಗಿತ್ತು. ಈ ಕಾಲದ ನಮ್ಮ ಕ್ರೀಡಾಕೂಟಗಳಲ್ಲೂ ಅಷ್ಟೇ ತಾನೇ ನಡೆಯುವುದು? ನಿಮ್ಮ ಮನೆಯಲ್ಲಿರುವ ಸರ್ಟಿಫಿಕೇಟುಗಳನ್ನು ತೆಗೆದು ನೋಡಿ. ನೂರು ಮೀಟರ್ ಓಟ, ಪ್ರಥಮ ಸ್ಥಾನ ಎಂದಿರುತ್ತದೆ. ಎಷ್ಟು ಸೆಕೆಂಡು ಎಂದು ಬರೆದದ್ದನ್ನು ನಾನು ಕಂಡದ್ದು ಬಹಳ ಕಡಿಮೆ.

ಇನ್ನು ಆಂಟ್ವರ್ಪ್. ತಂಡದಲ್ಲಿ ಓಟಕ್ಕೆ ನಾಲ್ವರು, ಕುಸ್ತಿಗೆ ಇಬ್ಬರು. ಧ್ವಜ ಹಿಡಿದವರು ಬಂಗಾಳದ ಪೂರ್ಮಾ ಬ್ಯಾನರ್ಜಿ. ಮ್ಯಾರಥಾನ್‌ಗೆ ನಿಂತವರು ಚೌಗುಲೆ ಮತ್ತು ಸದಾಶಿವ ದಾತಾರ್. 1920ರ ಆಗಸ್ಟ್ 22ರಂದು ಓಟ. ದಾತಾರ್ ಅವರಿಗೆ ಮುಗಿಸಲಾಗಲಿಲ್ಲ. ಚೌಗುಲೆ ಮುಗಿಸಿದರು, 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ. ಗೆದ್ದವರು ಫಿನ್ಲೆಂಡಿನ ಹಾನ್ನೆಸ್ ಕೋಲೆಹ್ಮಾಯ್ನೆನ್, 2 ಗಂಟೆ 32 ನಿಮಿಷ 35.8 ಸೆಕೆಂಡು.

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್ ಎಂದು ನೀವು ಜನರಲ್ ನಾಲೆಡ್ಜ್ ಪುಸ್ತಕದಲ್ಲಿ ಓದಿದ್ದೀರಿ. ಆದರೆ ಆ ದೂರ ಒಲಿಂಪಿಕ್ಸಿನಲ್ಲಿ ಖಾಯಂ ಆದದ್ದು 1924ರಿಂದ. ಆಂಟ್ವರ್ಪ್‌ನಲ್ಲಿ ಓಡಿಸಿದ್ದು 42.75 ಕಿಲೋಮೀಟರ್. ಒಲಿಂಪಿಕ್ಸಿನಲ್ಲಿ ಅದಕ್ಕಿಂತ ಉದ್ದದ ಮ್ಯಾರಥಾನ್ ಬೇರೊಂದಿಲ್ಲ. ಟ್ರ್ಯಾಕಿನ ಕಥೆಯೂ ಹೀಗೆಯೇ. 1908ರ ಲಂಡನ್ ಟ್ರ್ಯಾಕಿನ ಸುತ್ತಳತೆ ಸುಮಾರು 536 ಮೀಟರ್, 1912ರ ಸ್ಟಾಕ್‌ಹೋಮಿನದು 383, ಆಂಟ್ವರ್ಪ್‌ನದು 390ಕ್ಕೆ ಕೊಂಚ ಕಡಿಮೆ, 1924ರ ಪ್ಯಾರಿಸ್ಸಿನದು 500. ನಾವಿಂದು ಕಾಣುವ 400 ಮೀಟರ್ ಟ್ರ್ಯಾಕ್ ಒಲಿಂಪಿಕ್ಸಿಗೆ ಬಂದದ್ದು 1928ರ ಆಮ್‌ಸ್ಟರ್‌ಡಾಮ್‌ನಲ್ಲಿ. ದೊಡ್ಡ ದೊಡ್ಡ ದೇಶಗಳಿಗೂ ಮೊದಲು ಸರಿಯಾದ ಮೈದಾನ ಇರಲಿಲ್ಲ ಎಂದಾಯಿತು. ಇದ್ದ ಜಾಗದಲ್ಲಿ ಟ್ರ್ಯಾಕ್ ಹಾಕಿದರು. ಆದರೆ ಹಾಕಿದ್ದನ್ನು ಅಳೆದರು, ಓಡಿದ ಸಮಯವನ್ನು ಬರೆದಿಟ್ಟರು. ಹಾಗೆ ಬರೆದಿಟ್ಟದ್ದರಿಂದಲೇ ನೂರು ವರ್ಷ ಕಳೆದ ಮೇಲೂ ಉರಿಗಾಂನಲ್ಲಿ ನಿಂತು ನಾನು ಬೆಳಗಾವಿಯ ಆ ಯುವಕನ ಲೆಕ್ಕ ಹೇಳಲು ಸಾಧ್ಯವಾಗಿದೆ.

ಈಗ ಆ ಲೆಕ್ಕ. 2 ಗಂಟೆ 50 ನಿಮಿಷ 45 ಸೆಕೆಂಡು ಎಂದರೆ 10,245 ಸೆಕೆಂಡು. ಅದನ್ನು 42.75ರಿಂದ ಭಾಗಿಸಿ. ಕಿಲೋಮೀಟರಿಗೆ ಸುಮಾರು 240 ಸೆಕೆಂಡು ಬರುತ್ತದೆ, ಅಂದರೆ ನಾಲ್ಕು ನಿಮಿಷ. ಇಲ್ಲಿಂದ ಕೋಲಾರಕ್ಕೆ ಸುಮಾರು 30 ಕಿಲೋಮೀಟರ್ ದೂರ. ಅಲ್ಲಿಯವರೆಗೂ ಒಂದೊಂದು ಕಿಲೋಮೀಟರನ್ನು ನಾಲ್ಕು ನಾಲ್ಕು ನಿಮಿಷದಲ್ಲಿ ಓಡಿ, ನಿಲ್ಲದೆ ಇನ್ನೂ ಹನ್ನೆರಡು ಮುಕ್ಕಾಲು ಕಿಲೋಮೀಟರ್ ಓಡಬೇಕು. ಇದು ಹೆಚ್ಚಾಯಿತೇ? ಹಾಗಾದರೆ 200 ಮೀಟರಿನ ಒಂದು ಸುತ್ತು ಓಡಿ. ಅದನ್ನು 48 ಸೆಕೆಂಡಿನಲ್ಲಿ ಮುಗಿಸಿ. ಅದೇನು ಮಹಾ ಎನ್ನುತ್ತೀರಿ, ನಿಮ್ಮಲ್ಲಿ ಅನೇಕರಿಗೆ ಸಾಧ್ಯ. ಎರಡನೆಯ ಸುತ್ತನ್ನೂ ಅಷ್ಟರಲ್ಲೇ ಮುಗಿಸಿ. ಹತ್ತನೆಯದು? ಚೌಗುಲೆ ಅದೇ ವೇಗದಲ್ಲಿ ಓಡಿದ್ದು 213 ಸುತ್ತಿಗಿಂತಲೂ ಹೆಚ್ಚು. ಹಿಂದಿನ ಸಾಲಿನವರು ಈಗ ನಗುತ್ತಿಲ್ಲ.

ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1951ರ ಮಾರ್ಚಿಯಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಅಲ್ಲಿ ನಮ್ಮ ದೇಶದ ಲೆವಿ ಪಿಂಟೋ ನೂರು ಮೀಟರ್ ಚಿನ್ನ ಗೆದ್ದ ಸಮಯ 10.8 ಸೆಕೆಂಡು. ಎಲ್ಲೋ ಕೇಳಿದ ಅಂಕಿ ಅನ್ನಿಸುತ್ತದೆಯೇ? ಆಂಟ್ವರ್ಪ್‌ನಲ್ಲಿ ಪ್ಯಾಡಕ್ ಓಡಿದ್ದೂ ಇಷ್ಟೇ. ಎರಡು ಮೂರು ನಿಮಿಷ ಎಂದ ದೇಶ ಮೂವತ್ತೊಂದು ವರ್ಷದಲ್ಲಿ ಅಲ್ಲಿಗೆ ಬಂದು ಮುಟ್ಟಿತ್ತು.

ವಿದ್ಯಾರ್ಥಿನಿಯರಿಗೂ ಒಂದು ಮಾತು. ಆಂಟ್ವರ್ಪ್‌ನಲ್ಲಿ ಹೆಣ್ಣುಮಕ್ಕಳಿಗೆ ಓಟದ ಸ್ಪರ್ಧೆಯೇ ಇರಲಿಲ್ಲ. ಒಲಿಂಪಿಕ್ಸಿನಲ್ಲಿ ಅದು ಶುರುವಾದದ್ದು 1928ರಲ್ಲಿ. 1951ರ ದೆಹಲಿ ಕೂಟದಲ್ಲಿ ರೋಶನ್ ಮಿಸ್ತ್ರಿ ನೂರು ಮೀಟರಿನಲ್ಲಿ ಬೆಳ್ಳಿ ಗೆದ್ದರು. ಮರುವರ್ಷ ನೀಲಿಮಾ ಘೋಷ್, ಮೇರಿ ಡಿಸೋಜಾ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋದರು. ಆದ್ದರಿಂದ ಪೋಷಕರೇ, ಹೆಣ್ಣುಮಕ್ಕಳ ಓಟವನ್ನು ಲೆಮನ್ ಅಂಡ್ ಸ್ಪೂನಿಗೆ ಮುಗಿಸಬೇಡಿ. ಅವರನ್ನೂ ಓಡಿಸಿ, ಅವರ ಸಮಯವನ್ನೂ ಬರೆದುಕೊಳ್ಳಿ.

ನಮ್ಮ ಜಿಲ್ಲೆಗೂ ಇದರಲ್ಲಿ ಪಾಲಿದೆ. ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ 4x100 ಮೀಟರ್ ರಿಲೇ ತಂಡದಲ್ಲಿದ್ದರು. ಆ ತಂಡ ಸೆಮಿಫೈನಲ್ ತಲುಪಿತು. ಮರುವರ್ಷ ಅವರಿಗೆ ಅರ್ಜುನ ಪ್ರಶಸ್ತಿ ಬಂತು. 1970ರ ಬ್ಯಾಂಕಾಕ್ ಏಷ್ಯನ್ ಕೂಟದಲ್ಲಿ ರಿಲೇ ಕಂಚು ಗೆದ್ದ ತಂಡದಲ್ಲೂ ಅವರಿದ್ದರು. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ನೌಕರರಾಗಿ ಓಡಿದವರು. 2022ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಹೆಸರು ಕೇಳಿದವರು ಕೈ ಎತ್ತಿ ಎಂದರೆ ಇಲ್ಲಿ ಎಷ್ಟು ಕೈ ಮೇಲೇಳುತ್ತವೋ, ಕೇಳಲು ನನಗೇ ಸಂಕೋಚ.

ಈ ಊರಿನವರಿಗೆ ಅಳತೆಯ ಬಗ್ಗೆ ನಾನು ಹೊಸದಾಗಿ ಹೇಳಬೇಕೇ? ನಿಮ್ಮ ತಾತಂದಿರು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದವರು. ಶಾಫ್ಟಿನ ಆಳವನ್ನು ಅಡಿ ಲೆಕ್ಕದಲ್ಲಿ ಅಳೆದರು, ಒಂದು ಟನ್ ಕಲ್ಲಿನಲ್ಲಿ ಎಷ್ಟು ಗ್ರಾಂ ಚಿನ್ನ ಎಂದು ತೂಗಿದರು. ಕಣ್ಣಂದಾಜಿನಲ್ಲಿ ಇಲ್ಲಿ ಏನೂ ನಡೆಯುತ್ತಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೈದಾನಗಳನ್ನು ನೋಡಿಕೊಳ್ಳುವವರೂ ಕಡಿಮೆಯಾದರು. ಹಾಗೆಂದು ಓಡುವ ಮಕ್ಕಳು ಕಡಿಮೆಯಾಗಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಶಾಲಾ ಕ್ರೀಡಾಕೂಟವನ್ನು ನೋಡುತ್ತಾ ಕುಳಿತಿದ್ದೆ. ಎಲ್ಲಿ ಎಂಬುದು ಬೇಡ. ಸುಣ್ಣದಲ್ಲಿ ಅಂದವಾಗಿ ನಾಲ್ಕು ಲೇನು ಎಳೆದಿದ್ದರು. ಒಂದು ಸುತ್ತಿನ ಓಟ. ನಾಲ್ವರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ವಿಸಿಲ್ ಊದಿದರು. ಹೊರಗಿನ ಲೇನಿನ ಹುಡುಗ ತನ್ನ ಲೇನು ಬಿಡದೆ ಪ್ರಾಮಾಣಿಕವಾಗಿ ಓಡಿ, ಎರಡು ಹೆಜ್ಜೆ ಹಿಂದೆ ಬಿದ್ದು ಎರಡನೆಯವನಾದ. ತಿರುವಿನಲ್ಲಿ ಹೊರಗಿನ ಲೇನು ಉದ್ದವಾಗುತ್ತದೆ ಎಂದು ಅಲ್ಲಿ ಯಾರೂ ಯೋಚಿಸಿರಲಿಲ್ಲ. ಆ ಹುಡುಗ ಒಳಲೇನಿನವನಿಗಿಂತ 23 ಮೀಟರ್ ಹೆಚ್ಚು ಓಡಿದ್ದ. ಅವನಿಗೂ ಅದು ಗೊತ್ತಾಗಲಿಲ್ಲ. ನಾನು ಅಷ್ಟಕ್ಕೆ ಯೋಗ್ಯ ಎಂದುಕೊಂಡು ಮನೆಗೆ ಹೋಗಿರುತ್ತಾನೆ. ಪುಣೆಯಲ್ಲಿ ದಾರ ಕಟ್ಟದೆ ತಿರುವಿನಲ್ಲಿ ಓಡಿಸಲು ಹೊರಟಿದ್ದರಲ್ಲ, ದೊರಾಬ್‌ಜಿ ಅದನ್ನು ಪತ್ರದಲ್ಲಿ ಬರೆದದ್ದು ಏಕೆಂದು ನನಗೆ ಅಂದು ಅರ್ಥವಾಯಿತು.

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನ ಬೇಡಿಕೆ ಕಪ್ಪು, ಶೀಲ್ಡುಗಳದ್ದಲ್ಲ. ಒಂದು ಟ್ರ್ಯಾಕ್ ಹಾಕಿಸಿ, 200 ಮೀಟರಿನದು ಸಾಕು. ಹಾಕಿ ಆಡುವಷ್ಟು ಜಾಗ ಇದ್ದರೆ ಅದರಲ್ಲೇ ಹಿಡಿಸುತ್ತದೆ, 88 ಮೀಟರ್ ಉದ್ದ, 48 ಮೀಟರ್ ಅಗಲ. ಅಧ್ಯಾಪಕರು ಬರೆದುಕೊಳ್ಳಿ. 40 ಮೀಟರ್ ಉದ್ದ, 37 ಮೀಟರ್ 80 ಸೆಂಟಿಮೀಟರ್ ಅಗಲದ ಒಂದು ಆಯತ ಎಳೆಯಿರಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ 55 ಮೀಟರ್ 3 ಸೆಂಟಿಮೀಟರ್ ಬಂದರೆ ಆಯತ ಸರಿಯಾಗಿದೆ. ಎರಡೂ ಅಗಲಗಳ ನಟ್ಟನಡುವೆ ಗೂಟ ಹೊಡೆದು, 18 ಮೀಟರ್ 90 ಸೆಂಟಿಮೀಟರ್ ತಂತಿ ಹಿಡಿದು ಅರ್ಧವೃತ್ತ ತಿರುಗಿಸಿ. ಹಗ್ಗ ಬೇಡ, ಹಗ್ಗ ಎಳೆದರೆ ಉದ್ದವಾಗುತ್ತದೆ. ಓಟಗಾರ ಗೆರೆಯ ಮೇಲೆಯೇ ಓಡುವುದಿಲ್ಲ, 20 ಸೆಂಟಿಮೀಟರ್ ಆಚೆ ಓಡುತ್ತಾನೆ. ಆ ಜಾಡನ್ನು ಅಳೆದರೆ ಸರಿಯಾಗಿ 200 ಮೀಟರ್. ಲೇನಿನ ಅಗಲ 1 ಮೀಟರ್ 22. ಲೇನಿನಲ್ಲೇ ಒಂದು ಪೂರ್ತಿ ಸುತ್ತು ಓಡಿಸುವುದಾದರೆ ಎರಡನೆಯ ಲೇನಿನವರನ್ನು 7 ಮೀಟರ್ 67 ಸೆಂಟಿಮೀಟರ್ ಮುಂದೆ ನಿಲ್ಲಿಸಿ, ಮೂರನೆಯವರನ್ನು 15 ಮೀಟರ್ 33, ನಾಲ್ಕನೆಯವರನ್ನು 23 ಮೀಟರ್. ನೂರು ಮೀಟರಿಗೆ ನೇರ ಜಾಗ ಸಾಲದಿದ್ದರೆ ತಿರುವಿನಲ್ಲಿ ಓಡಿಸಬೇಡಿ. ಅರವತ್ತು ಮೀಟರ್ ನೇರವಾಗಿ ಓಡಿಸಿ.

ಆಮೇಲೆ ಒಂದು ನೋಟ್‌ಬುಕ್ ಇಡಿ. ಹೆಸರು, ತರಗತಿ, ತಾರೀಕು, ದೂರ, ಸಮಯ. ಕೊನೆಯವನ ಸಮಯವನ್ನೂ ಬರೆಯಿರಿ. ಈ ವರ್ಷ 40 ಸೆಕೆಂಡು ತೆಗೆದುಕೊಂಡ ಹುಡುಗಿ ಮುಂದಿನ ವರ್ಷ 37ಕ್ಕೆ ಬಂದರೆ, ಅವಳು ನಾಲ್ಕನೆಯವಳಾದರೂ ಅವಳಿಗೆ ಅದು ತಿಳಿಯಬೇಕು. ಜಿಲ್ಲಾ ಮಟ್ಟದಲ್ಲಿ ಗೆದ್ದವರ ಸಮಯ ಎಷ್ಟೆಂದು ಕೇಳಿ ತಂದು ಅದೇ ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ. ಅಂತರ ಎಷ್ಟಿದೆಯೆಂದು ಮಕ್ಕಳೇ ಕಳೆದು ನೋಡಿಕೊಳ್ಳುತ್ತಾರೆ.

ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ, ಬಿಸಿಲೇರುವ ಮೊದಲು, ಗೆರೆ ಎಳೆಯಲು ನಾನು ಸಿದ್ಧ. ಟೇಪು, ತಂತಿ ನನ್ನಲ್ಲಿವೆ. ಸುಣ್ಣದ ಚೀಲವೊಂದನ್ನು ಸಂಘದವರು ಕೊಡಿಸಿದರೆ ಸಾಕು. ಗೂಟ ಹಿಡಿಯಲು ನಾಲ್ಕು ಜನ ಹುಡುಗರು ಬೇಕು, ಕಾರ್ಯಕ್ರಮ ಮುಗಿದ ಮೇಲೆ ಬಂದು ಹೆಸರು ಕೊಡಿ.