ನೆಲಸಮ ಮಾಡಿದ್ದು ಯಾರು?

'ಬೆಳ್ಳಂಬೆಳಗ್ಗೆ ಜೆಸಿಬಿ ಘರ್ಜನೆ, ಮನೆಗಳು ನೆಲಸಮ.' ಈ ಸಾಲನ್ನ ನೀವು ಎಷ್ಟು ಸಲ ಓದಿದ್ದೀರೋ! ನಾನು ಎಷ್ಟು ಸಲ ಹೇಳಿದ್ದೀನೋ, ಲೆಕ್ಕ ಇಟ್ಟಿಲ್ಲ. ಇವತ್ತು ಆ ಪದದ ಬಗ್ಗೆಯೇ ಎರಡು ಮಾತು.

ನೆಲ ಕನ್ನಡದ್ದು, ಸಮ ಸಂಸ್ಕೃತದ್ದು. ಎರಡೂ ಸೇರಿದರೆ, ನೆಲದ ಮಟ್ಟಕ್ಕೆ ಬಂತು ಅಂತ ಅರ್ಥ. ನಾಶಕ್ಕೆ ನಮ್ಮಲ್ಲಿ ಬೇರೆ ಪದಗಳೂ ಇವೆ. ಧ್ವಂಸ ಅಂದರೆ, ಒಡೆದವರು ಯಾರು ಅಂತ ಕೇಳ್ತೀವಿ. ಮನೆ ಹಾಳಾಯ್ತು ಅಂದರೆ, ಅಯ್ಯೋ ಪಾಪ ಅಂತೀವಿ. ನೆಲಸಮ ಅಂದಾಗ ಕೋಪವೂ ಬರಲ್ಲ, ಕನಿಕರವೂ ಬರಲ್ಲ. ಗದ್ದೆ ಮಟ್ಟ ಮಾಡಿದಷ್ಟೇ ಸಲೀಸು.

2001ರ ಜನವರಿ 26ರಂದು ಗುಜರಾತಿನ ಭುಜ್ ನಡುಗಿತು, ಕಟ್ಟಡಗಳು ನೆಲಸಮವಾದವು. ಅದು ಭೂಕಂಪ, ಪದ ಸರಿಯಾಗೇ ಇದೆ. 2022ರ ಆಗಸ್ಟ್ 28ರಂದು ನೋಯ್ಡಾದ ಅವಳಿ ಗೋಪುರಗಳೂ ಕೆಲವೇ ಸೆಕೆಂಡುಗಳಲ್ಲಿ ನೆಲಸಮ. ಆದರೆ ಅದರ ಹಿಂದೆ ನಿವಾಸಿಗಳ ವರ್ಷಗಟ್ಟಲೆಯ ಕಾನೂನು ಹೋರಾಟ ಇತ್ತು, ಸುಪ್ರೀಂ ಕೋರ್ಟ್ ಆದೇಶ ಇತ್ತು. ರಾತ್ರಿ ನೋಟಿಸ್ ಅಂಟಿಸಿ ಬೆಳಗ್ಗೆ ಕೆಡವಿದ ಮನೆಗೂ ಅದೇ ಪದ ಹಾಕಿಬಿಟ್ಟರೆ, ನೋಡೋರಿಗೆ ವ್ಯತ್ಯಾಸ ಗೊತ್ತಾಗೋದು ಹೇಗೆ ಸ್ವಾಮಿ?

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಆರೋಪಿ ಅನ್ನೋ ಒಂದೇ ಕಾರಣಕ್ಕೆ ಯಾರ ಮನೆಯನ್ನೂ ಕೆಡವುವಂತಿಲ್ಲ. ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು, ಅಹವಾಲು ಕೇಳಬೇಕು, ಕೆಡವುವುದನ್ನ ವಿಡಿಯೋ ಮಾಡಬೇಕು. ಈ ನಿರ್ದೇಶನ ಮೀರಿದರೆ ಅಧಿಕಾರಿ ತನ್ನ ಕೈಯಿಂದಲೇ ಖರ್ಚು ಹಾಕಿ ಮತ್ತೆ ಕಟ್ಟಿಸಿಕೊಡಬೇಕು. ರಸ್ತೆ, ಫುಟ್‌ಪಾತ್, ಜಲಮೂಲದ ಮೇಲಿನ ಅಕ್ರಮ ಕಟ್ಟಡಕ್ಕೆ ಈ ರಕ್ಷಣೆ ಇಲ್ಲ.

ಅಂದರೆ ಕೆಡವಿದ್ದು ಯಾರು ಅಂತ ಕೋರ್ಟ್ ಕೇಳುತ್ತಿದೆ. ನಾವು ಮಾತ್ರ 'ನೆಲಸಮ ಆಯ್ತು' ಅಂತ, ಮನೆ ತಾನಾಗೇ ಕೂತ್ಕೊಂಡಿತೇನೋ ಅನ್ನೋ ಥರ ಸುದ್ದಿ ಓದ್ತೀವಿ. ಘರ್ಜಿಸಿದ್ದೂ ಜೆಸಿಬಿ, ಮನುಷ್ಯರು ಯಾರೂ ಅಲ್ಲ!

ಒತ್ತುವರಿ ತೆರವು ಬೇಡ ಅಂತ ನಾನು ಹೇಳ್ತಿಲ್ಲ. ಕೆರೆ ನುಂಗಿದವರ ಕಟ್ಟಡ ಹೋಗಲೇಬೇಕು. ಆದರೆ ಮುಂದಿನ ಸಲ ಈ ಪದ ಕಿವಿಗೆ ಬಿದ್ದಾಗ ಮೂರು ಪ್ರಶ್ನೆ ಕೇಳಿ. ಯಾರು ಮಾಡಿದರು? ಯಾರ ಆದೇಶದ ಮೇಲೆ? ಎಷ್ಟು ದಿನ ಮೊದಲು ತಿಳಿಸಿದರು? ಉತ್ತರ ಸಿಗದಿದ್ದರೆ ನಮ್ಮನ್ನೇ ಕೇಳಿ. ಅದನ್ನ ಹೇಳೋದೇ ನಮ್ಮ ಕೆಲಸ.