ಅರೆತಲೆನೋವಿಗೆ ತಣ್ಣೀರೋ, ಗುಳಿಗೆಯೋ?



ಹಿಂದೂಪುರದಲ್ಲಿಯೂ ಕಲ್ಯಾಣದುರ್ಗದಲ್ಲಿಯೂ ಬಿಸಿಲೇರಿದೊಡನೆ ಒಬ್ಬಿಬ್ಬರು ಮಕ್ಕಳು ತರಗತಿಯಲ್ಲಿ ಹಣೆ ಹಿಡಿದು ಕೂರುವುದನ್ನು ನಾವು ಕಂಡಿದ್ದೇವೆ. ಅದನ್ನು ಸೋಮಾರಿತನವೆಂದು ಗದರಿಸಿದ ತಪ್ಪು ನಮ್ಮಿಂದಲೂ ಆಗಿದೆ. ಅರೆತಲೆನೋವು ನೆಪವಲ್ಲ, ನಿಜವಾದ ವ್ಯಾಧಿ. ಅದು ಬಂದಾಗ ಬೆಳಕು, ಸದ್ದುಗಳೂ ಅಸಹ್ಯವಾಗುತ್ತವೆ.

ತಂಪಿನಿಂದ ಗುಣವುಂಟೆ? 2013ರಲ್ಲಿ ಹವಾಯಿ ದ್ವೀಪದಿಂದ ಪ್ರಕಟವಾದ ವೈದ್ಯಕೀಯ ಪರೀಕ್ಷೆಯೊಂದರಲ್ಲಿ, ನೋವು ಆರಂಭವಾದೊಡನೆ ಕೊರಳಿಗೆ ಹಿಮಶೀತಲವಾದ ಪಟ್ಟಿ ಸುತ್ತಿಕೊಂಡವರಿಗೆ 30 ನಿಮಿಷಗಳಲ್ಲಿ ನೋವು ತಗ್ಗಿತು. ಆದರೆ ತಂಪು ನೋವನ್ನು ತಗ್ಗಿಸೀತೇ ಹೊರತು ಔಷಧದ ಸ್ಥಾನವನ್ನು ತುಂಬದು. ಔಷಧಕ್ಕೂ ಮಿತಿಯುಂಟು: ಸಾಮಾನ್ಯ ನೋವಿನ ಗುಳಿಗೆಯನ್ನೇ ತಿಂಗಳಿಗೆ 15 ದಿನಗಳಂತೆ ಹಲವು ತಿಂಗಳು ನುಂಗಿದರೆ, ಅದರಿಂದಲೇ ತಲೆನೋವು ಹುಟ್ಟಬಹುದು. ವೈದ್ಯರನ್ನು ಕೇಳದೆ ಮಕ್ಕಳಿಗೆ ಆಸ್ಪಿರಿನ್ ಸಲ್ಲದು.

ಆದುದರಿಂದ ಮಗುವಿಗೆ ನೀರು ಕುಡಿಸಿ, ಬೆಳಕಿಲ್ಲದ ಕೋಣೆಯಲ್ಲಿ ಮಲಗಿಸಿ, ಮಡಕೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹಣೆಗೂ ಕೊರಳಿಗೂ ಇಡಿರಿ. ಮಂಜುಗಡ್ಡೆಯಾದರೆ ಬಟ್ಟೆಯಲ್ಲಿ ಸುತ್ತಿ 15 ನಿಮಿಷವಿಟ್ಟರೆ ಸಾಕು. ವೈದ್ಯರು ಹೇಳಿದ ಔಷಧವನ್ನು ತಡಮಾಡದೆ ಕೊಡಿರಿ. ಜ್ವರದೊಡನೆ ಕತ್ತು ಬಿಗಿದರೆ, ಕೈಕಾಲು ಸೋತರೆ, ಹಿಂದೆಂದೂ ಕಾಣದ ನೋವು ಒಮ್ಮೆಲೇ ಎರಗಿದರೆ ಆಸ್ಪತ್ರೆಗೆ ಧಾವಿಸಿರಿ.

ಮಕ್ಕಳೇ, ಬರಿಯ ಹೊಟ್ಟೆಯಲ್ಲಿ ಶಾಲೆಗೆ ಬರಬೇಡಿರಿ, ನೋವನ್ನು ಮುಚ್ಚಿಡಬೇಡಿರಿ. ಹೇಳಿದರೆ ನಾವು ಇನ್ನು ಗದರಿಸೆವು.